ಹಳೇ ಜಿಪ್ಸಿಗೆ ದೊಡ್ಡ ಟೈರ್ ಹಾಕುವ ಮುನ್ನ

ಮಳೆಗಾಲದಲ್ಲಿ ಬಸವಾಪಟ್ಟಣದ ಸುತ್ತಿನ ಅಡಿಕೆ ತೋಟದ ದಾರಿಗಳಿಗೆ ಹಳೇ ಜಿಪ್ಸಿಯಂಥ ಗಾಡಿಯೇ ಸರಿ. ಅದಕ್ಕೆ ದಪ್ಪ ಟೈರ್ ಹಾಕಿಸುವ ಆಸೆಯೂ ಸಹಜ. ಮೊದಲು ಲೆಕ್ಕ ನೋಡಿ.

205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ., 235/75 ಆರ್15ರದ್ದು 733. ಗಾಡಿ ಮೇಲೇರುವುದು ಈ ವ್ಯತ್ಯಾಸದ ಅರ್ಧ, ಮೂರು ಸೆಂಟಿಮೀಟರ್ ಚಿಲ್ಲರೆ ಅಷ್ಟೇ! ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 66ರ ಹತ್ತಿರ, ಎಳೆತವೂ ಕುಗ್ಗುತ್ತದೆ.

ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಟೈರ್ ಎಲ್ಲಿ ಉಜ್ಜುತ್ತದೆ ನೋಡಿ. ಹೊರಚಾಚಿದ ಟೈರನ್ನು ಮುಚ್ಚುವ ಫ್ಲೇರ್ ಪಟ್ಟಿ ಕೂರಿಸಲು ತಗಡಿಗೆ ತೂತು ಕೊರೆದರೆ, ಅದರ ಅಂಚಿಗೆ ಪ್ರೈಮರ್ ಬಳಿಯದೆ ಸ್ಕ್ರೂ ಬಿಗಿಸಬೇಡಿ. ಒಳಗೆ ಕೆಸರು ಕೂತು ಹಿಡಿದ ತುಕ್ಕು ಕಣ್ಣಿಗೆ ಬೀಳುವ ಹೊತ್ತಿಗೆ ತಗಡೇ ಉಳಿದಿರುವುದಿಲ್ಲ.

ತಯಾರಕರ ಮೂಲ ವಿವರಕ್ಕೆ ಹೊರತಾದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು ಬಿಚ್ಚುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.