ಅಪ್ಪ ಸ್ಟೂಲು ಹತ್ತದೆ ರೂಟರ್ ಸರಿಹೋಗಬೇಕು

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಫೋನು, ಗೇಟಿನ ಕ್ಯಾಮೆರಾ, ತೋಟದ ಪಂಪು ಎಲ್ಲವೂ ಫೈಬರ್ ವೈಫೈ ಮೇಲೇ ನಡೆಯಬೇಕು. ವಾರಕ್ಕೆ ಎರಡು ಮೂರು ಸಲ ರೂಟರ್ ಹ್ಯಾಂಗ್ ಆಗುತ್ತದೆ. ಅದು ಜಗಲಿಯ ಗೋಡೆಯಲ್ಲಿ ಎತ್ತರಕ್ಕಿದೆ. 74 ವರ್ಷದ ಅಪ್ಪ ಸ್ಟೂಲು ಹತ್ತಿ ಪ್ಲಗ್ ಕಿತ್ತು ಮತ್ತೆ ಹಾಕುತ್ತಾರೆ. ಸ್ಮಾರ್ಟ್ ಪ್ಲಗ್ ತಂದು ಹಾಕಿದೆ, ಆದರೆ ನೆಟ್ ಹೋದ ಕೂಡಲೇ ಅದೂ ಆಫ್‌ಲೈನ್ ಎನ್ನುತ್ತದೆ. ಫೋನ್ ಸಿಗದ ರಾತ್ರಿ ನನಗೆ ನಿದ್ದೆಯೇ ಬರುವುದಿಲ್ಲ. ರೂಟರ್ ತಾನಾಗಿ ರೀಸ್ಟಾರ್ಟ್ ಆಗುವಂತೆ ಮಾಡಬಹುದೇ? ಅದರಿಂದ ಏನಾದರೂ ತೊಂದರೆ ಇದೆಯೇ?

ಉತ್ತರ: ಖಂಡಿತ ಮಾಡಬಹುದು. ಆದರೆ ಅದಕ್ಕಿಂತ ಮೊದಲು ಈ ವಾರವೇ ಆಗಬೇಕಾದ ಕೆಲಸ ಬೇರೆ ಇದೆ. ಊರಿನ ಎಲೆಕ್ಟ್ರಿಷಿಯನ್‌ಗೆ ಹೇಳಿ ರೂಟರಿನ ಪ್ಲಗ್ ಪಾಯಿಂಟನ್ನು ಎದೆಮಟ್ಟಕ್ಕೆ ಇಳಿಸಿ. ರೂಟರ್ ಮೇಲೇ ಇರಲಿ, ಸಿಗ್ನಲ್ ಹರಡಲು ಅದೇ ಒಳ್ಳೆಯದು. ನೀವು ಏನೇ ಯಂತ್ರ ಕೂರಿಸಿದರೂ ಅದು ಒಂದು ದಿನ ಕೈಕೊಡುತ್ತದೆ. ಆ ದಿನ ಅಪ್ಪ ಸ್ಟೂಲು ಹುಡುಕುವಂತಾಗಬಾರದು. ಮಲೆನಾಡಿನಲ್ಲಿ ಗುಡುಗು ಶುರುವಾದರೆ ಪ್ಲಗ್ ಕೀಳುವ ಅಭ್ಯಾಸ ಅವರಿಗೆ ಇದ್ದೇ ಇರುತ್ತದೆ, ಅದನ್ನು ಬಿಡಿಸಬೇಡಿ. ಸ್ಮಾರ್ಟ್ ಪ್ಲಗ್ ಒಳಗಿನ ರಿಲೇ ಆಫ್ ಆಗಿದ್ದರೂ ಅಲ್ಲಿರುವ ಸಂದು ತೀರಾ ಕಿರಿದು, ಸಿಡಿಲಿಗೆ ಅದು ತಡೆಯೇ ಅಲ್ಲ.

ಇನ್ನು ನಿಮ್ಮ ಸ್ಮಾರ್ಟ್ ಪ್ಲಗ್. ನೀವು ಬೆಂಗಳೂರಿನಲ್ಲಿ ಒತ್ತಿದ 'ಆಫ್' ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಅದೇ ರೂಟರನ್ನು ದಾಟಿ ಪ್ಲಗ್ ಮುಟ್ಟಬೇಕು. ರೂಟರೇ ಹ್ಯಾಂಗ್ ಆಗಿರುವಾಗ ಅದು ತಲುಪುವ ದಾರಿಯೇ ಇಲ್ಲ. ಆದ್ದರಿಂದ ರೀಸ್ಟಾರ್ಟ್ ಮಾಡಬೇಕೋ ಬೇಡವೋ ಎನ್ನುವುದು ಮನೆಯೊಳಗೇ, ವೈಫೈ ನೆಚ್ಚದೆ ತೀರ್ಮಾನವಾಗಬೇಕು. ಮನೆಯಲ್ಲಿ ರಾಸ್ಪ್‌ಬೆರಿ ಪೈ ಮೇಲೆ ಹೋಮ್ ಅಸಿಸ್ಟೆಂಟ್ ಇದ್ದರೆ, ಅದಕ್ಕೊಂದು ಜಿಗ್ಬೀ ಡಾಂಗಲ್ ಸಿಕ್ಕಿಸಿ ಜಿಗ್ಬೀ ಪ್ಲಗ್ ಬಳಸಿ. ಜಿಗ್ಬೀ ತನ್ನದೇ ರೇಡಿಯೋದಲ್ಲಿ ಮಾತಾಡುತ್ತದೆ, ರೂಟರಿನ ಹಂಗು ಅದಕ್ಕಿಲ್ಲ. ಅಷ್ಟೆಲ್ಲ ಬೇಡವೆನಿಸಿದರೆ ಟಾಸ್ಮೊಟ ತಂತ್ರಾಂಶವನ್ನು ಮೊದಲೇ ಹಾಕಿದ ಪ್ಲಗ್ ಸಿಗುತ್ತದೆ. ಅದರಲ್ಲಿ ಪಿಂಗ್ ಸೌಲಭ್ಯವಿದ್ದು ರೂಲ್ ಬರೆದಿಟ್ಟರೆ, ಅದು ತಾನೇ ನೆಟ್ ಇದೆಯೇ ಎಂದು ಪಿಂಗ್ ಮಾಡಿ ನೋಡಿ, ಇಲ್ಲದಿದ್ದರೆ ತನ್ನ ಸ್ವಿಚ್ಚನ್ನು ತಾನೇ ಆಫ್ ಮಾಡಿ ಆನ್ ಮಾಡಬಲ್ಲದು. ಇಬ್ಬರೇ ಇರುವ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಸಾಮಾನು ಕಡಿಮೆಯಿದ್ದಷ್ಟೂ ಕೆಡುವುದು ಕಡಿಮೆ. ಯಾವುದೇ ಪ್ಲಗ್ ಆಗಲಿ, ಕರೆಂಟ್ ಹೋಗಿ ಬಂದಾಗ 'ಆನ್' ಆಗಿಯೇ ಏಳುವಂತೆ ಸೆಟ್ ಮಾಡಿ. ಇಲ್ಲವಾದರೆ ಮಳೆಗಾಲದ ಮೊದಲ ಪವರ್ ಕಟ್ ಮುಗಿದ ಮೇಲೂ ರೂಟರ್ ಆಫ್ ಆಗಿಯೇ ಇರುತ್ತದೆ.

ನೀವು ಬರೆಯದ ಒಂದು ಸಂಗತಿ ಕೇಳುತ್ತೇನೆ: ರೂಟರಿಗೆ ಪುಟ್ಟ ಯುಪಿಎಸ್ ಹಾಕಿದ್ದೀರಾ? ನಿಮ್ಮ ಕಡೆ ಅದಿಲ್ಲದ ಮನೆ ಕಡಿಮೆ. ಇದ್ದರೆ, ಗೋಡೆಯ ಪ್ಲಗ್ ಎಷ್ಟು ಸಲ ಆಫ್ ಮಾಡಿದರೂ ಬ್ಯಾಟರಿ ರೂಟರಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ, ಹ್ಯಾಂಗ್ ಆದದ್ದು ಹಾಗೇ ಉಳಿಯುತ್ತದೆ. ಆಗ ಸ್ವಿಚ್ ಯುಪಿಎಸ್ ಮತ್ತು ರೂಟರಿನ ನಡುವೆ, 12 ವೋಲ್ಟಿನ ತೆಳು ವೈರಿನಲ್ಲಿ ಬರಬೇಕು. ಅದಕ್ಕೆ ಇದೇ ಟಾಸ್ಮೊಟ ಹಾಕಿದ, ವೈಫೈ ಇರುವ ಚಿಕ್ಕ ರಿಲೇ ಬೋರ್ಡ್ ಸಾಕು. ವೈರನ್ನು ರಿಲೇಯ 'ಎನ್‌ಸಿ' ಕಡೆಗೆ, ಅಂದರೆ ರಿಲೇ ಸುಮ್ಮನಿದ್ದಾಗ ಕೂಡಿಯೇ ಇರುವ ಕಡೆಗೆ ಜೋಡಿಸಲು ಹೇಳಿ. ಹಾಗೆ ಮಾಡಿದರೆ ಬೋರ್ಡ್ ಸುಟ್ಟುಹೋದರೂ ಸಾಮಾನ್ಯವಾಗಿ ರೂಟರಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ.

ತೊಂದರೆ ಇದೆಯೇ ಎಂದಿರಿ. ಅವಸರ ಮಾಡಿದರೆ ಇದೆ. ಒಂದು ಪಿಂಗ್ ತಪ್ಪಿತೆಂದು ಕರೆಂಟ್ ಕಡಿಯುವ ಏರ್ಪಾಡು ಮನೆಗೆ ಶನಿ. ನಿಮಿಷಕ್ಕೊಮ್ಮೆ 8.8.8.8 ಮತ್ತು 1.1.1.1 ಎಂಬ ಎರಡು ನೆಟ್ ವಿಳಾಸಗಳನ್ನೂ ಪಿಂಗ್ ಮಾಡಿ ನೋಡಲಿ. ಎರಡೂ ಸಾಲಾಗಿ ಐದು ನಿಮಿಷ ಉತ್ತರ ಕೊಡದಿದ್ದರೆ ಮಾತ್ರ ಆಫ್ ಆಗಲಿ. ಅರ್ಧ ನಿಮಿಷ ಆಫ್ ಇರಲಿ, ರೂಟರಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಪೂರ್ತಿ ಇಳಿಯಬೇಕು. ಆನ್ ಆದ ಮೇಲೆ ಐದಾರು ನಿಮಿಷ ಏನನ್ನೂ ನೋಡದೆ ಸುಮ್ಮನಿರಲಿ, ಏಕೆಂದರೆ ಫೈಬರ್ ಪೆಟ್ಟಿಗೆ ಎದ್ದು ಲೈನ್ ಹಿಡಿಯಲು ಹೊತ್ತು ಬೇಕು. ಇಷ್ಟು ಬಿಡುವು ಕೊಡದೆ ಹೋದರೆ ಅದು ಏಳುವಷ್ಟರಲ್ಲಿ ನೀವೇ ಮತ್ತೆ ಕೆಡವುತ್ತೀರಿ. ಮೂರು ಸಲ ರೀಸ್ಟಾರ್ಟ್ ಮಾಡಿಯೂ ನೆಟ್ ಬರದಿದ್ದರೆ ನಾಲ್ಕು ಗಂಟೆ ಹಾಗೇ ಬಿಡಿ. ಮರ ಬಿದ್ದು ಕೇಬಲ್ ಹರಿದಿರಬಹುದು. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದ್ದರೆ ಬೆಳಕೇ ಬರುತ್ತಿಲ್ಲ ಎಂದು ಅರ್ಥ. ಆಗ ರೀಸ್ಟಾರ್ಟ್‌ನಿಂದ ಏನೂ ಆಗದು, ಲೈನಿನವರಿಗೇ ಫೋನ್ ಮಾಡಬೇಕು. ಆ ಕೆಂಪು ದೀಪ ಯಾವುದೆಂದು ಅಪ್ಪನಿಗೆ ತೋರಿಸಿಕೊಡಿ. ಕಂಪನಿಯವರು ರಾತ್ರಿ ಹೊತ್ತು ದೂರದಿಂದಲೇ ರೂಟರಿಗೆ ಹೊಸ ಸಾಫ್ಟ್‌ವೇರ್ ಹಾಕುವುದೂ ಉಂಟು. ಅದರ ನಡುವೆ ಕರೆಂಟ್ ಕಡಿದರೆ ಪೆಟ್ಟಿಗೆಯೇ ಕೆಟ್ಟುಹೋಗಬಹುದು. ಐದು ನಿಮಿಷ ಕಾಯಿರಿ ಎಂದದ್ದಕ್ಕೆ ಅದೂ ಒಂದು ಕಾರಣ. ರಾತ್ರಿ ಮಾತ್ರ ಹತ್ತು ನಿಮಿಷ ಮಾಡಿದರೆ ಇನ್ನೂ ಒಳ್ಳೆಯದು.

ಪ್ರತಿ ರೀಸ್ಟಾರ್ಟ್ ಲೆಕ್ಕಕ್ಕೆ ಬರಲಿ, ನೆಟ್ ಬಂದ ಕೂಡಲೇ ನಿಮಗೊಂದು ಮೆಸೇಜ್ ಬರಲಿ. ಇದು ನನಗೆ ಬಹಳ ಮುಖ್ಯ. ವಾರಕ್ಕೆ ಮೂರು ಸಲ ಹ್ಯಾಂಗ್ ಆಗುವ ರೂಟರಿಗೆ ಏನೋ ರೋಗವಿದೆ. ತಾನಾಗಿ ಎದ್ದುಬಿಟ್ಟರೆ ಆ ರೋಗ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ನನ್ನ ಮೊದಲ ಅನುಮಾನ ಅಡಾಪ್ಟರ್ ಮೇಲೆ. ವರ್ಷಗಟ್ಟಲೆ ಬಿಸಿಯಲ್ಲಿದ್ದು ಅದರೊಳಗಿನ ಕೆಪಾಸಿಟರ್ ಒಣಗುತ್ತದೆ, ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ರೂಟರ್ ತಡವರಿಸುತ್ತದೆ. ಹಳೆಯದರ ಮೇಲೆ 12 ವೋಲ್ಟ್, 1 ಆಂಪ್ ಎಂದಿದ್ದರೆ ಹೊಸದೂ 12 ವೋಲ್ಟೇ ಇರಬೇಕು, ಆಂಪ್ ಒಂದಕ್ಕಿಂತ ಕಡಿಮೆ ಇರಬಾರದು, ಪಿನ್ನಿನ ಪ್ಲಸ್ ಮೈನಸ್ ಗುರುತು ಒಂದೇ ಇರಬೇಕು. ಅದನ್ನು ಬದಲಿಸಿದರೆ ಇಷ್ಟೆಲ್ಲ ಏರ್ಪಾಡೇ ಬೇಡವಾಗಬಹುದು. ಹಾಗಾದರೆ ನನಗೂ ಸಂತೋಷ.

ಪಂಪಿನ ವಿಷಯದಲ್ಲಿ ರಾಜಿ ಬೇಡ. ನೀವು ಬೆಂಗಳೂರಿನಿಂದ ಆನ್ ಮಾಡಿದ ಮೇಲೆ ನೆಟ್ ಹೋದರೆ ಅದನ್ನು ಆಫ್ ಮಾಡುವವರು ಯಾರು? ಸ್ಟಾರ್ಟರ್ ಪೆಟ್ಟಿಗೆಯಲ್ಲೇ ಟೈಮರ್ ಮತ್ತು ನೀರಿಲ್ಲದಾಗ ನಿಲ್ಲಿಸುವ ರಕ್ಷಣೆ ಇರಬೇಕು. ಅಪ್ಪನ ಕೈಗೆ ಸಿಗುವ ಬಟನ್ನೂ ಇರಬೇಕು.

ನಿದ್ದೆ ಬರದ ರಾತ್ರಿಗಳ ಬಗ್ಗೆ ಬರೆದಿದ್ದೀರಿ. ನಿಮ್ಮ ಆತಂಕ ಸಹಜವಾದದ್ದೇ, ಆದರೆ ಅದರ ಭಾರವನ್ನೆಲ್ಲ ಒಂದು ರೂಟರ್ ಮೇಲೆ ಹೊರಿಸಬೇಡಿ. ಪಕ್ಕದ ಮನೆಯವರೊಬ್ಬರ ಹತ್ತಿರ ಮಾತಾಡಿ: ರಾತ್ರಿ ಒಂಬತ್ತಾದರೂ ಫೋನ್ ಸಿಗದಿದ್ದರೆ ಒಮ್ಮೆ ಹೋಗಿ ನೋಡಿ ಬರುತ್ತೀರಾ ಎಂದು ಕೇಳಿ. ಊರಲ್ಲಿ ಇದಕ್ಕೆ ಇಲ್ಲ ಎನ್ನುವವರು ಕಡಿಮೆ. ಅಂಗಳದ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಅಮ್ಮನಿಗೆ ಗೊತ್ತಿರುತ್ತದೆ. ನೆಟ್ ಹೋದರೆ ಅಲ್ಲಿಂದ ಒಂದು ಮಿಸ್ಡ್ ಕಾಲ್ ಕೊಡಲಿ, ಅಷ್ಟು ಸಾಕು.

ಇದನ್ನೆಲ್ಲ ನೀವು ಊರಿನಲ್ಲಿ ಇರುವಾಗಲೇ ಪರೀಕ್ಷಿಸಿ. ಪಿಂಗ್ ಪಟ್ಟಿಯ ಎರಡೂ ವಿಳಾಸಗಳ ಜಾಗದಲ್ಲಿ ಉತ್ತರವೇ ಬಾರದ ವಿಳಾಸಗಳನ್ನು ಹಾಕಿ, ಗಡಿಯಾರ ಹಿಡಿದು ಕೂತುಕೊಳ್ಳಿ. ಹೇಳಿದ ಹೊತ್ತಿಗೆ ರಿಲೇ 'ಟಿಕ್' ಎನ್ನುತ್ತದೆಯೇ, ಅರ್ಧ ನಿಮಿಷಕ್ಕೆ ದೀಪಗಳು ಮತ್ತೆ ಹತ್ತುತ್ತವೆಯೇ, ಮೂರನೆಯ ಸಲದ ನಂತರ ನಿಲ್ಲುತ್ತದೆಯೇ ನೋಡಿ. ಬೆಂಗಳೂರಿನ ಬಸ್ ಹತ್ತುವ ಮೊದಲು ಸರಿಯಾದ ವಿಳಾಸಗಳನ್ನು ವಾಪಸ್ ಹಾಕುವುದನ್ನು ಮರೆಯಬೇಡಿ.