ಹಳೆಯ ಜೀಪು ಗಾಡಿಗೆ ಎಣ್ಣೆಯೊತ್ತಡದ ಕ್ಲಚ್ಚು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹಳೆಯ ಜೀಪು ಗಾಡಿಗಳನ್ನು ಹೊಲಮನೆಯ ಕೆಲಸಕ್ಕೆ ಇಟ್ಟುಕೊಂಡಿರುವ ಗೌಡರುಗಳೂ ಭೂಮಾಲೀಕರೂ ಅವುಗಳ ಕ್ಲಚ್ಚಿನ ವಿಷಯವನ್ನು ಸ್ವಲ್ಪ ತಿಳಿದಿರುವುದು ಅವಶ್ಯವು. ಹಡಗಲಿಯ ಮಲ್ಲಿಗೆಯು ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟದಿದ್ದರೆ ಬಾಡಿ ಬೆಲೆಗೆಡುವುದು. ಇದಕ್ಕಿಂತ ಘೋರವಾದುದೇನೆಂದರೆ, ಟ್ರೇಲರಿಗೆ ಕೊಂಡಿ ಹಾಕುವಾಗ ಕ್ಲಚ್ಚು ಪೂರ್ತಿ ಬಿಡದೆ ಗಾಡಿಯು ಹಿಂದಕ್ಕೆ ನೆಗೆದು, ನಡುವೆ ನಿಂತ ಆಳನ್ನು ಒತ್ತುವುದು.

ಎರಡನೆಯ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನಲ್ಲಿಯೂ, ಆ ಮಾದರಿಯಿಂದ ಮಹೀಂದ್ರ ಕಂಪೆನಿಯವರು ಮೊದಮೊದಲು ಸಿದ್ಧಪಡಿಸಿದ ಗಾಡಿಗಳಲ್ಲಿಯೂ ಪೆಡಲಿನ ತುಳಿತವು ಸರಳು, ತಂತಿ, ಸನ್ನೆಗಳ ಮೂಲಕ ಕ್ಲಚ್ಚಿಗೆ ತಲಪುವುದು. ಎಂಜಿನ್ನು ರಬ್ಬರಿನ ಮೇಲೆ ಕುಳಿತು ಅಲುಗುತ್ತಿರುವುದು. ಏರುತಗ್ಗಿನ ಬಂಡಿದಾರಿಯಲ್ಲಿ ಛಾಸಿಯೂ ತಿರುಚಿಕೊಳ್ಳುವುದು. ಈ ಎರಡರ ನಡುವೆ ಸಿಕ್ಕಿದ ಕೀಲುಗಳು ಧೂಳು ತಿಂದು ಸವೆಯುವುವು. ಆಗ ಪೆಡಲನ್ನು ಎಷ್ಟು ತುಳಿದರೂ ಅರ್ಧ ತುಳಿತವು ಸವೆದ ರಂಧ್ರಗಳಲ್ಲಿಯೇ ಕಳೆದುಹೋಗುವುದು.

ಎಣ್ಣೆಯೊತ್ತಡದ ಏರ್ಪಾಡಿನಲ್ಲಿ ಪೆಡಲಿನ ಬಳಿ ಮಾಸ್ಟರ್ ಸಿಲಿಂಡರು, ಕ್ಲಚ್ಚಿನ ಬಳಿ ಸ್ಲೇವ್ ಸಿಲಿಂಡರು, ನಡುವೆ ಕೊಳವೆ, ಇಷ್ಟೇ. ಆದರೆ ಸಿಕ್ಕಿದ ಎರಡು ಸಿಲಿಂಡರುಗಳನ್ನು ತಂದು ಕೂಡಿಸಕೂಡದು. ಮಾಸ್ಟರಿನ ಒಳವ್ಯಾಸ 19 ಮಿಲಿಮೀಟರು, ಸ್ಲೇವಿನದು 22 ಆದರೆ, ಮಾಸ್ಟರು 30 ಮಿಲಿಮೀಟರು ಚಲಿಸಿದಾಗ ಸ್ಲೇವು ಸುಮಾರು 22 ಮಿಲಿಮೀಟರು ಚಲಿಸುವುದು. ಆದಕಾರಣ ಕ್ಲಚ್ಚಿನ ಫೋರ್ಕಿಗೆ ಎಷ್ಟು ಚಲನೆ ಬೇಕೆಂಬುದನ್ನು ಮೊದಲು ಅಳೆದು, ಅದಕ್ಕೆ ತಕ್ಕ ಜೋಡಿಯನ್ನು ಆರಿಸತಕ್ಕದ್ದು. ಕಡಿಮೆಯಾದರೆ ಗೇರು ಕಿರುಗುಟ್ಟುವುದು. ಹೆಚ್ಚಾದರೆ ಪ್ರೆಷರ್ ಪ್ಲೇಟಿನ ಬೆರಳುಗಳು ಕೆಡುವುವು.

ಮೆಕ್ಯಾನಿಕರು ಅನೇಕರು ಸ್ಲೇವ್ ಸಿಲಿಂಡರನ್ನು ಸುಲಭವೆಂದು ಛಾಸಿಗೆ ಬಿಗಿಯುವರು. ಇದು ಯುಕ್ತವಲ್ಲ. ಎಂಜಿನ್ನು ಅಲುಗಿದಂತೆಲ್ಲ ಹಳೆಯ ದೋಷವೇ ತಿರುಗಿ ಬರುವುದು. ಅದನ್ನು ಕ್ಲಚ್ಚಿನ ಕವಚಕ್ಕೇ ದಪ್ಪ ತಗಡಿನ ಬ್ರಾಕೆಟ್ಟಿನಿಂದ ಬಿಗಿದು, ಛಾಸಿಯ ಮೇಲಿನ ಉಕ್ಕಿನ ಕೊಳವೆಯಿಂದ ಅಲ್ಲಿಗೆ ರಬ್ಬರ್ ಹೋಸನ್ನು ಕೊಡಬೇಕು. ಹೋಸು ಸೈಲೆನ್ಸರ್ ಕೊಳವೆಯಿಂದ ದೂರವಿರಬೇಕು. ಮಾಸ್ಟರನ್ನು ಬಳುಕುವ ತೆಳು ತಗಡಿಗೆ ಕೂರಿಸಬಾರದು.

ಬ್ರೇಕ್ ಆಯಿಲಿನ ಹೊರತು ಎಂಜಿನ್ ಆಯಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಒಂದು ತೊಟ್ಟೂ ಹಾಕಕೂಡದು. ರಬ್ಬರು ವಾಷರುಗಳು ಉಬ್ಬಿ ಕೆಡುವುವು. ಗಾಳಿ ತೆಗೆಯುವಾಗ ಒಬ್ಬನು ಪೆಡಲನ್ನು ತುಳಿದು ಹಿಡಿದಿರಬೇಕು. ಮತ್ತೊಬ್ಬನು ನಿಪ್ಪಲನ್ನು ಸಡಿಲಿಸಿ, ಪೆಡಲು ಮೇಲೇಳುವ ಮೊದಲೇ ಬಿಗಿಯಬೇಕು. ಗುಳ್ಳೆಗಳು ನಿಲ್ಲುವ ತನಕ ಹೀಗೆ ಮಾಡುತ್ತಾ, ಡಬ್ಬಿಯಲ್ಲಿ ಎಣ್ಣೆ ಬರಿದಾಗದಂತೆ ನೋಡಿಕೊಳ್ಳತಕ್ಕದ್ದು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವುದಾದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಲೇಸು.

ಏರಿನಲ್ಲಿ ಎಂಜಿನ್ನು ಕೂಗಿದರೂ ಗಾಡಿ ಮುಂದೆ ಸಾಗದಿದ್ದರೆ ಸವೆದಿರುವುದು ಕ್ಲಚ್ ಪ್ಲೇಟು. ಅದಕ್ಕೆ ಈ ಬದಲಾವಣೆಯಿಂದ ಏನೂ ಪ್ರಯೋಜನವಿಲ್ಲ, ಹಣ ದಂಡ. ಹೊಸ ಏರ್ಪಾಡಿನಲ್ಲಿಯೂ ವಾಷರು ಹರಿದರೆ ಪೆಡಲು ಒಮ್ಮೆಲೇ ನೆಲಕ್ಕೆ ಹೋಗುವುದು. ಆದ್ದರಿಂದ ಟ್ರೇಲರಿನ ಕೊಂಡಿ ಹಾಕುವಾಗ ಆಳು ನಡುವೆ ಹೋಗುವುದಕ್ಕೆ ಮುಂಚೆ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೈಬ್ರೇಕು ಎಳೆದು, ಎಂಜಿನ್ನನ್ನು ನಿಲ್ಲಿಸತಕ್ಕದ್ದು.