ಪ್ರಯೋಗಾಲಯದ ಸಹಾಯಕ

ಶಸ್ತ್ರವೈದ್ಯನ ಕೀರ್ತಿಯನ್ನು ಲೋಕವು ಬಲ್ಲದು. ಅವನ ಪ್ರಯೋಗಾಲಯದಲ್ಲಿ ದುಡಿದ ಸಹಾಯಕನನ್ನು ಬಲ್ಲವರು ವಿರಳ. ಅಂತಹ ಸಹಾಯಕರಲ್ಲಿ ಅಮೆರಿಕದ ವಿವಿಯನ್ ಥಾಮಸ್ ಒಬ್ಬರು.

1910ರಲ್ಲಿ ಜನಿಸಿದ ಥಾಮಸರು ಕಪ್ಪು ಜನಾಂಗದವರು. ಬಡಗಿಯ ಕೆಲಸ ಬಲ್ಲವರು. ವೈದ್ಯರಾಗಬೇಕೆಂದು ಹಣ ಕೂಡಿಡುತ್ತಿದ್ದ ಅವರು 1930ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡಾ. ಆಲ್ಫ್ರೆಡ್ ಬ್ಲಾಲಾಕರ ಪ್ರಯೋಗಾಲಯವನ್ನು ಸೇರಿದರು. ಅದೇ ವರ್ಷ ಬ್ಯಾಂಕು ಮುಳುಗಿ ಆ ಹಣವೆಲ್ಲ ಹೋಯಿತು. ವೈದ್ಯಶಿಕ್ಷಣದ ಆಸೆ ಕೈಗೂಡದಿದ್ದರೂ ಪ್ರಯೋಗಾಲಯವೇ ಅವರಿಗೆ ಪಾಠಶಾಲೆಯಾಯಿತು. ರಾಸಾಯನಿಕ ಪರೀಕ್ಷೆ, ಪ್ರಾಣಿಗಳ ಶಸ್ತ್ರಕ್ರಿಯೆ, ಫಲಿತಾಂಶಗಳ ಕರಾರುವಾಕ್ಕಾದ ದಾಖಲೆ ಇವೆಲ್ಲವನ್ನೂ ಅವರು ಮಾಡುತ್ತ ಮಾಡುತ್ತ ಕಲಿತರು. ಆದರೂ ವರ್ಣಭೇದದ ಆ ಕಾಲದ ಕಡತಗಳಲ್ಲಿ ಅವರದು ಜಾಡಮಾಲಿಯ ಹುದ್ದೆಯಾಗಿತ್ತು.

1941ರಲ್ಲಿ ಇಬ್ಬರೂ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಬಂದರು. ಹುಟ್ಟಿನಿಂದಲೇ ಬಂದ ಹೃದಯದೋಷದಿಂದ ಶ್ವಾಸಕೋಶಗಳಿಗೆ ಸಾಕಷ್ಟು ರಕ್ತ ಹರಿಯದೆ, ಮೈ ನೀಲಿಗಟ್ಟಿದ ಶಿಶುಗಳು ಆಗ ಅಕಾಲಮರಣಕ್ಕೆ ತುತ್ತಾಗುತ್ತಿದ್ದವು. ಡಾ. ಹೆಲೆನ್ ಟಾಸಿಗ್ ಈ ಸಮಸ್ಯೆಯನ್ನು ಅವರ ಮುಂದಿಟ್ಟರು. ತೋಳಿಗೆ ರಕ್ತವೊಯ್ಯುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಜೋಡಿಸುವ ಕ್ರಮವನ್ನು ಥಾಮಸರು ನಾಯಿಗಳ ಮೇಲೆ ಪ್ರಯೋಗಿಸಿ ಕರಗತ ಮಾಡಿಕೊಂಡರು. 1944ರ ನವೆಂಬರ್ 29ರಂದು ಬ್ಲಾಲಾಕರು ಒಂದು ಶಿಶುವಿಗೆ ಆ ಶಸ್ತ್ರಕ್ರಿಯೆ ಮಾಡಿದಾಗ, ಥಾಮಸರು ಅವರ ಹಿಂದೆ ಮಣೆಯ ಮೇಲೆ ನಿಂತು ಹೊಲಿಗೆಯ ಕ್ರಮವನ್ನು ಹೇಳಿಕೊಟ್ಟರು. ಆ ಶಿಶು ಕೆಲವು ತಿಂಗಳಲ್ಲಿ ತೀರಿಕೊಂಡರೂ ಅದೇ ಮಾರ್ಗದಿಂದ ಮುಂದೆ ಸಾವಿರಾರು ಮಕ್ಕಳು ಬದುಕಿದರು.

ಥಾಮಸರು ಪ್ರಯೋಗಾಲಯದ ಮೇಲ್ವಿಚಾರಕರಾಗಿ ಅನೇಕ ಸಹಾಯಕರನ್ನೂ ಶಸ್ತ್ರವೈದ್ಯರನ್ನೂ ತರಬೇತುಗೊಳಿಸಿದರು. 1976ರಲ್ಲಿ ಅದೇ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಪದವಿಯು ತಡವಾಗಿ ಬಂದಿತು. ವಿದ್ಯೆಯು ಬಹಳ ಮೊದಲೇ ಅವರ ಕೈಯಲ್ಲಿತ್ತು.